ಕುತ್ತಿಗೆ ಮುರಿದ ಜಿರಾಫೆ

"ಇದನ್ನ ಕಟ್ಟಿದ್ದು ಯಾರು?"

ಶೆಡ್ಡಿನ ಒಡತಿ, ಎಲ್ಲರೂ 'ಮಾಮಾ' ಅಂದರೆ ಅಮ್ಮ ಎಂದು ಕರೆಯುವ ಕ್ವಾಂಬೊಕಾ, ಪೆಟ್ಟಿಗೆಯನ್ನು ನೆಲದ ಮೇಲೆ ಮಗುಚಿದರು. ಕಡಲಾಚೆಯ ಗಿರಾಕಿಯಿಂದ ವಾಪಸ್ ಬಂದ ಬಳಪದ ಕಲ್ಲಿನ ಜಿರಾಫೆ... ಕುತ್ತಿಗೆ ಒಂದು ಕಡೆ, ಮೈ ಒಂದು ಕಡೆ!

"ನಾನೇ," ಎಂದಳು ಬೊಸಿಬೊರಿ.

ತಬಾಕಾ ಊರಿನ ಆ ಕಲ್ಲುಕೆತ್ತನೆ ಶೆಡ್ಡಿನಲ್ಲಿ ಆರು ವರ್ಷದಿಂದ ಅವಳು ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸಿದ ಒಂದು ಶಿಲ್ಪವೂ ಒಡೆದಿರಲಿಲ್ಲ. ಕಾಲುಗಳ ಸಂದಿಗೆ ಮೊದಲು ಒಣ ಬಾಳೆಪಟ್ಟೆ, ಆಮೇಲೆ ಮೈಗೆಲ್ಲ ಕಾಗದ. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಏನೂ ಕದಲಬಾರದು. ಅದಕ್ಕೂ ಮುಂಚೆ ಪ್ರತಿ ಕಲ್ಲನ್ನೂ ಉಗುರಿನಿಂದ ತಟ್ಟಿ ನೋಡಬೇಕು. ಟಿಣ್ ಎಂದರೆ ಗಟ್ಟಿ. ಸದ್ದು ಮಂಕಾದರೆ ಒಳಗೆ ಬಿರುಕಿದೆ, ಕೆತ್ತಿದವನಿಗೇ ವಾಪಸ್.

ಈ ಜಿರಾಫೆಯ ಸದ್ದು ಮಂಕಾಗಿಯೇ ಇತ್ತು. ಬಿರುಕಿಗೆ ಅಂಟು, ಕಲ್ಲಿನ ಪುಡಿ ಮೆತ್ತಿ ಉಜ್ಜಿದ್ದಾರೆಂದು ಅವಳಿಗೆ ಕಟ್ಟುವಾಗಲೇ ಗೊತ್ತಾಗಿತ್ತು. ಕೆತ್ತಿದವನು ಒಂಬಾಟಿ... ಡಿಸೆಂಬರಿನಲ್ಲಿ ಅವಳನ್ನು ಮದುವೆಯಾಗಬೇಕಿದ್ದವನು! ಅವನ ಹೆಸರು ಕೆಡಬಾರದೆಂದು ಎರಡು ಸುತ್ತು ಜಾಸ್ತಿ ಕಾಗದ ಸುತ್ತಿ ಸುಮ್ಮನಾಗಿದ್ದಳು. ಪ್ರೀತಿಗೆ ಬುದ್ಧಿ ಕಡಿಮೆ, ಏನು ಮಾಡೋಣ?

ಈಗ ಅವನು ಉಳಿ ಹಿಡಿದು ಅಲ್ಲೇ ನಿಂತಿದ್ದ.

'ಹೇಳು ಒಂಬಾಟಿ... ಒಂದೇ ಒಂದು ಮಾತು ಹೇಳು!' ಎಂದು ಅವಳು ಮನಸ್ಸಿನಲ್ಲೇ ಬೇಡಿದಳು.

ಅವನು ತಲೆ ತಗ್ಗಿಸಿದ.

"ನಾಳೆಯಿಂದ ಬರಬೇಡಮ್ಮ," ಎಂದರು ಮಾಮಾ.

ಹನ್ನೆರಡು ದಿನ ಊರೆಲ್ಲ ಅವಳನ್ನು ಆಡಿಕೊಂಡಿತು. ಬೇರೆ ಯಾವ ಶೆಡ್ಡಿನವರೂ ಕೆಲಸ ಕೊಡಲಿಲ್ಲ. ಅವನ ಹೆಸರು ಯಾರಾದರೂ ಎತ್ತಿದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು.

ಹದಿಮೂರನೆಯ ಬೆಳಿಗ್ಗೆ ಅವಳು ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಒಂಬಾಟಿ ಬಂದ.

"ಆ ಜಿರಾಫೆ... ಬಿರುಕಿತ್ತು ಕಣೇ. ನಾನೇ ಅಂಟು ಹಾಕಿದ್ದೆ."

"ಗೊತ್ತು."

"ಯಾವಾಗಿಂದ?"

"ಕಟ್ಟುವಾಗಿಂದ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಬಿಡ್ತೀಯ ಅಂದ್ಕೊಂಡೆ!" ಅವಳ ಕಣ್ಣು ತುಂಬಿತು. "ನೀನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ ಕಣೋ. ಮಹರಾಯ, ಉಳಿ ನೋಡ್ತಾ ನಿಂತ್ಬಿಟ್ಟೆ!"

"ಹೆದರಿದ್ದೆ... ಈಗ ಶೆಡ್ಡಲ್ಲಿ ಎಲ್ಲರೆದುರೂ ಒಪ್ಕೊಂಡು ಬಂದೆ. ನನ್ನ ತೆಗೆದುಹಾಕಿದ್ರು. ನಿಂಗೆ ವಾಪಸ್ ಬರೋಕೆ ಹೇಳಿದ್ರು ಮಾಮಾ."

ಬೊಸಿಬೊರಿ ಸೊಪ್ಪು ಕೆಳಗಿಟ್ಟಳು. ಹನ್ನೆರಡು ದಿನ ಇದೇ ಮಾತಿಗಾಗಿ ಕಾದಿದ್ದಳು. ಈಗ ಕೇಳಿದರೆ ಸಂತೋಷವೇ ಆಗಲಿಲ್ಲ.

"ಬಿರುಕು ಗೊತ್ತಿದ್ದೂ ಕಟ್ಟಿದೆ ಅಂತ ಮೊದ್ಲು ನಾನೂ ಮಾಮಾಗೆ ಹೇಳ್ಬೇಕು."

"ಹೇಳಿದ್ರೆ ನಿನ್ನ ಕೆಲ್ಸಾನೂ ಹೋಗುತ್ತೆ!"

"ಹೋಗ್ಲಿ."

"ಮದುವೆ...?"

"ಡಿಸೆಂಬರಿಗೆ ಆಗಲ್ಲ. ಈ ಸಿಟ್ಟು ಅಷ್ಟು ಬೇಗ ಇಳಿಯೋದಲ್ಲ."

"ಕಾಯ್ತೀನಿ, ಬೊಸಿಬೊರಿ."

ಅವಳು ಎದ್ದು ಕಣ್ಣೊರೆಸಿಕೊಂಡಳು.

"ಕಾಯೋದು ಆಮೇಲೆ. ಈಗ ನಡಿ, ನಾನು ಹೇಳುವಾಗ ನನ್ನ ಪಕ್ಕ ನಿಂತ್ಕೋ."

"ನಿಂತ್ಕೋತೀನಿ."

"ತಲೆ ಎತ್ತಿ?"

"ತಲೆ ಎತ್ತಿ."