ರಾತ್ರಿ ಒಂಬತ್ತು ನಲವತ್ತರ ಜಿಲೇಬಿ

"ಈ ಫೋಟೋ ಹಾಕಿದಾವ ಯಾರಲೇ?"

ಗುರುವಾರ ಬೆಳಿಗ್ಗೆ ಹತ್ತೂವರೆ. ಚಿಕ್ಕೋಡಿ ಬಸ್ ನಿಲ್ದಾಣದ ಎದುರು, ಬೆಲ್ಲದ ಅಡತಿ ಅಂಗಡಿಯ ಮೇಲಿನ ಕೋಣೆ. ಬಾಗಿಲಲ್ಲಿ ಅಡತಿಯ ಮಾಲೀಕ ಭಾವುಸಾಹೇಬರು ನಿಂತಿದ್ದರು. ಕೈಯಲ್ಲಿ ಒಂದು ಪ್ರಿಂಟು, ಮುಖ ಕೆಂಡ. ಅವರ ಹಿಂದೆ ಹೆಂಡತಿ ಲಕ್ಷ್ಮಿಬಾಯಿ, ಅತ್ತು ಅತ್ತು ಕೆಂಪಾದ ಕಣ್ಣು.

ನಾನು ಸುಜಯ. 2011ರ ಜುಲೈಯಲ್ಲಿ ಆ ಕೋಣೆಯಲ್ಲಿ ಹತ್ತು ದಿನ ಡಿಜಿಟಲ್ ಫೋಟೋ ತೆಗೆಯುವುದನ್ನೂ ಬ್ಲಾಗ್ ನಡೆಸುವುದನ್ನೂ ಕಲಿಸಿದ ಮೇಷ್ಟ್ರು. ಕೋಣೆ ಭಾವುಸಾಹೇಬರದು. ತರಬೇತಿ ನಡೆಸುವ ಸಂಘಕ್ಕೆ ಅಧ್ಯಕ್ಷರೂ ಅವರೇ, ಪ್ರಮಾಣಪತ್ರಕ್ಕೆ ಸಹಿ ಹಾಕುವವರೂ ಅವರೇ. ಅಂದು ಕೊನೆಯ ದಿನ, ಸಹಿಯೊಂದು ಬಾಕಿ ಇತ್ತು.

ಪ್ರಿಂಟು ಇಸಿದುಕೊಂಡು ನೋಡಿದೆ. ನಮ್ಮ ತರಗತಿಯ ಬ್ಲಾಗಿನ ಪುಟ! ಎದುರಿನ ಮಿಠಾಯಿ ಅಂಗಡಿಯ ಬೆಂಚಿನ ಮೇಲೆ ಭಾವುಸಾಹೇಬರು ಕಣ್ಣು ಮುಚ್ಚಿ ಜಿಲೇಬಿ ಕಚ್ಚುತ್ತಿದ್ದಾರೆ. ಅಂಥ ಆನಂದವನ್ನು ಅವರ ಮುಖದ ಮೇಲೆ ನಾನು ಯಾವತ್ತೂ ಕಂಡಿರಲಿಲ್ಲ. ಫೋಟೋದ ಅಡಿಯಲ್ಲಿ 'ಬಿಸಿ ಬಿಸಿ ಜಿಲೇಬಿ, ಈಗಷ್ಟೇ ಬಾಣಲೆಯಿಂದ' ಎಂಬ ಸಾಲು. ಅದರ ಕೆಳಗೆ ಬ್ಲಾಗು ತಾನಾಗಿಯೇ ನಮೂದಿಸಿದ ಹೊತ್ತು: ಮಂಗಳವಾರ, ರಾತ್ರಿ 9:40.

ಜಿಲೇಬಿ ತಿಂದರೆ ಊರೇನೂ ಮುಳುಗುವುದಿಲ್ಲ. ಆದರೆ ಭಾವುಸಾಹೇಬರು ಜೈನರು, ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟದವರು. ನಲವತ್ತು ವರ್ಷ ಬಸದಿಯಲ್ಲಿ ಮಂದಿಗೂ ಅದನ್ನೇ ಹೇಳಿದವರು.

"ಇದು ಖೋಟಾ ಫೋಟೋ!" ಎಂದು ಗುಡುಗಿದರು. "ನನ್ನ ಮಾರಿ ಯಾವನದೋ ಮೈಗೆ ಅಂಟಿಸ್ಯಾರ. ಮಂಗಳವಾರ ರಾತ್ರಿ ನಾ ಮನಿ ಬಿಟ್ಟು ಹೊರಗ ಹೋಗಿಲ್ಲ."

"ನಾ ಅಥಣಿಯೊಳಗ ತಂಗಿ ಮನ್ಯಾಗ ಇದ್ದೆ," ಎಂದರು ಲಕ್ಷ್ಮಿಬಾಯಿ. "ನೀವು ಎಲ್ಲಿದ್ರಿ, ಏನ್ ತಿಂದ್ರಿ, ನನಗೇನ್ ಗೊತ್ತು?"

ಅಂಟಿಸುವ ವಿದ್ಯೆ ತರಗತಿಯಲ್ಲಿ ಯಾರಿಗೆ ಗೊತ್ತು? ಎಲ್ಲರ ಕಣ್ಣೂ ನಮ್ಮ ವಿದ್ಯಾರ್ಥಿ ಸಮಾಧಾನನ ಮೇಲೆ ಬಿತ್ತು. ಸೋಮವಾರವಷ್ಟೇ ಅವನು ಗೆಳೆಯ ಕುನಾಲನ ತಲೆಯನ್ನು ಎಮ್ಮೆಯ ಮೈಗೆ ಅಂಟಿಸಿ ನಮ್ಮನ್ನೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದ.

ಸಮಾಧಾನ ಎದ್ದು ನಿಂತ. ಪಾಲಬಾವಿಯವನು, ಇಪ್ಪತ್ತೆರಡು ವರ್ಷ. ತಂದೆತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು.

"ಫೋಟೋ ನಂದರಿ ಸರ್. ಆದ್ರ ಖರೇ ಫೋಟೋರಿ."

"ಯಾವಾಗ ತೆಗದಿ?" ಎಂದು ಗದರಿದರು ಭಾವುಸಾಹೇಬರು.

"ನಿನ್ನೆ, ಬುಧವಾರ. ಮುಂಜಾನೆ ಹತ್ತಕ್ಕ. ತೆಗದ ಕೂಡಲೇ ಮ್ಯಾಲ ಓಡಿ ಬಂದು ಬ್ಲಾಗಿಗೆ ಹಾಕೇನ್ರಿ."

"ಮತ್ತ ಬ್ಲಾಗಿನ್ಯಾಗ ಮಂಗಳವಾರ ರಾತ್ರಿ ಅಂತ ಯಾಕೈತಿ?"

"ಅದ ನನಗೂ ತಿಳಿವಲ್ದರಿ."

"ಸುಳ್ಳ ಹೇಳಾಕತ್ತಾನ!" ಎಂದರು ಭಾವುಸಾಹೇಬರು. "ಇವಗ ನಾ ಸರ್ಟಿಫಿಕೇಟ್ ಕೊಡಂಗಿಲ್ಲ."

ಸಮಾಧಾನನ ಮುಖ ಬಾಡಿತು. ನಿಪ್ಪಾಣಿಯ ಸ್ಟುಡಿಯೋವೊಂದರಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು. ಅಂದು ಮಧ್ಯಾಹ್ನ ಎರಡರೊಳಗೆ ಪ್ರಮಾಣಪತ್ರ ತರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು.

ಮೂಲ ಫೋಟೋ ನೋಡೋಣವೆಂದರೆ ಅದೂ ಇಲ್ಲ. ಹನ್ನೆರಡು ಜನಕ್ಕೆ ಒಂದೇ ಕ್ಯಾಮೆರಾ, ಒಂದೇ ಮೆಮೊರಿ ಕಾರ್ಡು. ಮುಂದಿನವರಿಗೆ ಕೊಡುವ ಮೊದಲು ಕಾರ್ಡು ಖಾಲಿ ಮಾಡಬೇಕೆಂಬುದು ನಾನೇ ಮಾಡಿದ ನಿಯಮ. ಮಿಠಾಯಿ ಅಂಗಡಿಯ ಮಲಕಾರಿಯನ್ನು ಕೇಳಲು ಹೋದೆ. ಅವನ ಅಂಗಡಿಯಿದ್ದ ಕಟ್ಟಡವೂ ಭಾವುಸಾಹೇಬರದೇ. "ನನಗ ನೆನಪ ಹಾರೇತ್ರಿ," ಎಂದು ಜಿಲೇಬಿ ತಿರುವಿ ಹಾಕಿದ. ಒಳಗೆ ಹಗಲಲ್ಲೂ ಟ್ಯೂಬ್‌ಲೈಟು ಉರಿಯುತ್ತಿತ್ತು. ಫೋಟೋ ಹಗಲಿನದೋ ರಾತ್ರಿಯದೋ, ಬೆಳಕು ನೋಡಿ ಹೇಳುವಂತಿರಲಿಲ್ಲ.

ನಾನು ಮರಳಿ ಬಂದಾಗ ಹಿಂದಿನ ಬೆಂಚಿನಿಂದ ಒಂದು ಕೆಮ್ಮು ಕೇಳಿಸಿತು. ಪದ್ಮವ್ವ ಅಕ್ಕೋರು! ಯಡೂರಿನಲ್ಲಿ ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು, ಅಡುಗೆಯ ಬ್ಲಾಗ್ ಬರೆಯಬೇಕೆಂದು ಅರವತ್ತಮೂರನೇ ವಯಸ್ಸಿನಲ್ಲಿ ಕಲಿಯಲು ಬಂದವರು.

"ಸಾವ್ಕಾರ್ರ, ಒಂದೆರಡ ಮಾತ ಕೇಳಲೇನು?"

"ಕೇಳ್ರಿ ಅಕ್ಕೋರ."

"ಅಂಟಿಸಿದ್ದು ಬರೇ ನಿಮ್ಮ ಮಾರಿ ಅಷ್ಟ?"

"ಹೌದ್ರಿ. ಮಾರಿ ನಂದು. ಮೈ ಯಾವನದೋ."

ಅಕ್ಕೋರು ಕಂಪ್ಯೂಟರಿನ ಮುಂದೆ ಕೂತು ಫೋಟೋ ದೊಡ್ಡದು ಮಾಡಿದರು. ತಟ್ಟೆಯ ಪಕ್ಕದಲ್ಲಿ ಒಂದು ಸ್ಟೀಲ್ ತಂಬಿಗೆ. ಇನ್ನೂ ದೊಡ್ಡದು ಮಾಡಿದರು. ತಂಬಿಗೆಯ ಹೊಳಪಿನಲ್ಲಿ ಸೊಟ್ಟಗಾದ ಒಂದು ಮುಖ. ಭಾವುಸಾಹೇಬರದೇ ಬಿಳಿ ಟೋಪಿ, ದಪ್ಪ ಮೀಸೆ, ಮೂಗಿನ ಪಕ್ಕದ ನರೂಲಿಯೂ ಇತ್ತು!

"ತಲಿ ಅಂಟಿಸಾವ ತಂಬಗಿ ಒಳಗಿನ ನೆರಳ ಸೈತ ಅಂಟಿಸ್ಯಾನೇನ್ರಿ? ಸಮಾಧಾನ ಶಾಣ್ಯಾ ಇದ್ದಾನ, ಅಷ್ಟ ಶಾಣ್ಯಾ ಇಲ್ಲ. ಎಮ್ಮಿ ಕೊಳ್ಳಾಗ ಕುನಾಲನ ಅಂಗಿ ಕಾಲರ್ ಹಂಗ ಉಳದಿತ್ತು."

ತರಗತಿ ಗೊಳ್ಳೆಂದು ನಕ್ಕಿತು. ಭಾವುಸಾಹೇಬರು ಕುರ್ಚಿ ಎಳೆದುಕೊಂಡು ಕೂತರು.

"ಅಂದ್ರ ರಾತ್ರಿ ತಿಂದದ್ದು ಖರೇ?" ಲಕ್ಷ್ಮಿಬಾಯಿಯ ದನಿ ನಡುಗಿತು. "ನಲವತ್ತ ವರ್ಷದ ವ್ರತ, ಜಿಲೇಬಿ ಸಲವಾಗಿ?"

"ತಡೀರಿ ಬಾಯಾರ," ಎಂದರು ಅಕ್ಕೋರು. "ಇಲ್ಲಿ ಒಂದು ಮಾತ ಸುಳ್ಳೈತಿ. ನಲವತ್ತ ವರ್ಷದ ವ್ರತ ಸುಳ್ಳೋ, ಮೂರ ದಿನದ ಬ್ಲಾಗ್ ಸುಳ್ಳೋ? ನಾ ಆದ್ರ ವ್ರತಾನ ನಂಬತೀನಿ. ಸುಜಯ ಸರ್, ಈಗ ಹೊತ್ತ ಎಷ್ಟಾತು?"

"ಸರಿಯಾಗಿ ಹನ್ನೊಂದು."

"ಸಮಾಧಾನ, 'ಪದ್ಮವ್ವ ಬಂದಾಳ' ಅಂತ ಬರದು ಬ್ಲಾಗಿಗೆ ಹಾಕು."

ಅವನು ಒತ್ತಿದ. ಪುಟ ನಿಧಾನವಾಗಿ ತೆರೆದುಕೊಂಡಿತು. 'ಪದ್ಮವ್ವ ಬಂದಾಳ.' ಕೆಳಗೆ: ಬುಧವಾರ, ರಾತ್ರಿ 10:30.

ಕಿಟಕಿಯಾಚೆ ಹಾಡಹಗಲು!

"ನೋಡ್ರಿ," ಎಂದರು ಅಕ್ಕೋರು. "ನಿನ್ನೆ ಮಧ್ಯಾಹ್ನ ನಾ ಹಾಕಿದ ಶೇಂಗಾ ಹೋಳಿಗಿ ಮಂಗಳವಾರ ನಡುರಾತ್ರಿಗೆ ಹಾಕಿದಂಗ ತೋರಸತೈತಿ. ಒಂಬತ್ತಕ್ಕ ಮಲಗೋಕಿ ನಾನು! ಆವಾಗ ಡೌಟ್ ಬಂತು. ಈ ಬ್ಲಾಗಿನ ಗಡಿಯಾರ ಹನ್ನೆರಡೂವರೆ ತಾಸ ಹಿಂದೈತಿ. ಮಂಗಳವಾರ ರಾತ್ರಿ ಒಂಬತ್ತ ನಲವತ್ತು ಅಂದ್ರ ನಮಗ ಬುಧವಾರ ಮುಂಜಾನೆ ಹತ್ತಾಗಿ ಹತ್ತ ಮಿನಿಟು. ಹುಡುಗ ಹೇಳಿದ್ದು ಅಕ್ಷರ ಅಕ್ಷರ ಖರೇ."

"ಗಡಿಯಾರ ಕೆಡಿಸಿದಾವ ಯಾರ್ರಿ?" ಎಂದ ಕುನಾಲ.

"ಗುನ್ನೆಗಾರ ಇಲ್ಲೇ ನಿಂತಾನ." ಅಕ್ಕೋರ ಬೆರಳು ನೆಟ್ಟಗೆ ನನ್ನ ಕಡೆ ತಿರುಗಿತು. "ಸುಜಯ ಸರ್!"

ನಿಜ. ಹೊಸ ಬ್ಲಾಗು ತೆರೆದಾಗ ಅದರ ಗಡಿಯಾರ ಅಮೆರಿಕದ ಪಡುವಣ ಕರಾವಳಿಯ ಹೊತ್ತಿನಲ್ಲಿರುತ್ತದೆ, ಅದನ್ನು ಭಾರತದ ಹೊತ್ತಿಗೆ ಬದಲಿಸಬೇಕು. ಆ ಪಾಠದ ಹೊತ್ತಿಗೆ ಕರೆಂಟು ಹೋಯಿತೆಂದು ನಾನು ಚಹಾ ಕುಡಿಯಲು ಇಳಿದಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ. ತಪ್ಪೊಪ್ಪಿಕೊಂಡೆ.

"ಕೇಳಿದಿಲ್ಲೋ!" ಭಾವುಸಾಹೇಬರು ಕುರ್ಚಿಯಿಂದ ಜಿಗಿದೆದ್ದರು. "ನಾ ರಾತ್ರಿ ತಿಂದೇ ಇಲ್ಲ! ಮುಂಜಾನೆ ಹತ್ತಕ್ಕ ತಿಂದೇನಿ! ನಾಕ ಜಿಲೇಬಿ, ಹಗಲೊತ್ತಿನ್ಯಾಗ!"

ಲಕ್ಷ್ಮಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಕ್ಷಣ ಮುಖ ಅರಳಿತು. ಮರುಕ್ಷಣ ಬಿಗಿಯಿತು.

"ನಾಕ? ಡಾಕ್ಟರ್ ಏನ್ ಹೇಳ್ಯಾರ? ಚಹಾಕ್ಕೂ ಸಕ್ರಿ ಬ್ಯಾಡ ಅಂದಿಲ್ಲ? ದೇವರ ಮುಂದ ನಿಂತು ಸಿಹಿ ಬಿಟ್ಟೇನಿ ಅಂದ್ರಿಲ್ಲ?"

ಭಾವುಸಾಹೇಬರು ಮೆಲ್ಲಗೆ ಕೂತರು. ಖೋಟಾ ಫೋಟೋ ಎಂದು ಅವರು ಹಟ ಹಿಡಿದದ್ದು ಯಾಕೆಂದು ಈಗ ಎಲ್ಲರಿಗೂ ತಿಳಿಯಿತು. ನಗು ತಡೆಯಲಾರದೆ ಕುನಾಲ ಬೆಂಚಿನ ಕೆಳಗೆ ಬಗ್ಗಿದ.

"ಒಂದ ಮಾತ ಕೇಳದೇ ಮಂದಿ ಫೋಟೋ ಹಾಕೂದು ನಿನ್ನ ತಪ್ಪು," ಎಂದು ಅಕ್ಕೋರು ಸಮಾಧಾನನಿಗೂ ಗದರಿದರು.

"ತಪ್ಪಾತ್ರಿ," ಎಂದ ಅವನು ಭಾವುಸಾಹೇಬರತ್ತ ತಿರುಗಿ. "ಈಗ ತಗದ ಬಿಡತೀನ್ರಿ."

"ನಂದು ದೊಡ್ಡ ತಪ್ಪು," ಎಂದರು ಅವರು. ದನಿ ಮೆತ್ತಗಾಗಿತ್ತು. "ಹೆಂಡತಿಗಂಜಿ ನಿನ್ನ ಮ್ಯಾಲ ಹಾಕಿದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡಪ್ಪ." ಪ್ರಮಾಣಪತ್ರ ಎಳೆದುಕೊಂಡು ಎಲ್ಲರೆದುರಿಗೇ ಸಹಿ ಹಾಕಿದರು. ಗಡಿಯಾರ ನೋಡಿದರು. "ನಿಪ್ಪಾಣಿ ಬಸ್ ಕಾಯಬ್ಯಾಡ. ಜೀಪ್ ಐತಿ, ನಾನ ಬಿಡತೀನಿ ಹತ್ತು."

"ನಾನೂ ಬರಾಕಿ," ಎಂದರು ಲಕ್ಷ್ಮಿಬಾಯಿ. "ದಾರ್‍ಯಾಗ ಮಿಠಾಯಿ ಅಂಗಡಿ ಭಾಳ ಅದಾವ."

ಸಂಜೆ ನಾನು ಬ್ಲಾಗಿನ ಗಡಿಯಾರ ಸರಿಪಡಿಸುತ್ತ ಕೂತಿದ್ದಾಗ ಸಮಾಧಾನನ ಫೋನು ಬಂತು.

"ಸರ್, ನಾಳಿಂದ ಬಾ ಅಂದ್ರರಿ! ಪಾಲಬಾವಿಗೆ ಹೋಗಿ ಅವ್ವಗ ಹೇಳಬೇಕು, ಸಾವ್ಕಾರ್ರ ಊರ ತನಕಾ ಬಿಡಾಕ ಬಂದಾರ್ರಿ."

ಖುಷಿಗೆ ನಾನು ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಚಪ್ಪಾಳೆ ತಟ್ಟಿದೆ. ಆಚೆಯಿಂದ ಅವನು ಮತ್ತೆ ಮತ್ತೆ ಕೂಗುತ್ತಿದ್ದ: "ಹಲೋ ಸರ್, ಕೇಳಸಾಕತ್ತೈತೇನ್ರಿ?"