ಕಾಸರಕೋಡಿನ ಲಾಂಚಿನ ಬೆಚ್ಚನೆಯ ಉಸಿರು

ಶ್ರೀ ಧಾರೇಶ್ವರನಿಗೆ ವಂದಿಸಿ, ಕಂಡಷ್ಟನ್ನೇ ಹೇಳುತ್ತೇನೆ.

೧೯೬೧ರ ಮಾಘದ ಮುಂಜಾವಿನಲ್ಲಿ, ಪ್ರಸವವೇದನೆಯಲ್ಲಿದ್ದ ನನ್ನ ಮಗಳು ಪರಮೇಶ್ವರಿಯನ್ನು ಕಾಸರಕೋಡಿನಿಂದ ಶರಾವತಿ ದಾಟಿಸಿ ಹೊನ್ನಾವರದ ಆಸ್ಪತ್ರೆಗೆ ಒಯ್ಯಬೇಕಿತ್ತು. ಚಳಿಗೆ ಹೊಳೆ ದಾಟಿಸುವ ಲಾಂಚಿನ ಡೀಸೆಲ್ ಇಂಜಿನ್ ಚಾಲೂ ಆಗಲಿಲ್ಲ. ಚಾಲಕ ಬೊಮ್ಮಯ್ಯ, ಒಳಹೋಗುವ ಗಾಳಿಯನ್ನು ಕಾಯಿಸುವ ಹೀಟರನ್ನು ಬಿಚ್ಚಿ ತೋರಿಸಿದ. ಅದರ ತಂತಿ ತುಂಡಾಗಿತ್ತು.

“ಇನ್ನೆಂತ ಮಾಡೂದು ಭಟ್ರೇ? ನಿಮ್ಮ ಮಂತ್ರದಲ್ಲಿ ಬಿಸಿ ಇದ್ರೆ ಊದಿ!” ಎಂದ.

ನಾನು ದಿಕ್ಕು ತೋಚದೆ ಗಾಳಿಕೊಳವೆಯ ಬಾಯಿಗೆ ಅಂಗೈಯಿಟ್ಟೆ. ನಿಂತ ಇಂಜಿನ್ನಿನೊಳಗಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಮಲಗಿದವರ ಉಸಿರಿನಂತೆ, ತಡೆತಡೆದು. ಬೊಮ್ಮಯ್ಯನೂ ಕೈಯಿಟ್ಟ.

“ನಾ ಬೆಂಕಿ ಮುಟ್ಟೇ ಇಲ್ಲ,” ಎಂದು ಪಿಸುಗುಟ್ಟಿ ಹ್ಯಾಂಡಲ್ ತಿರುಗಿಸಿದ. ಇಂಜಿನ್ ಒಂದೇ ಸುತ್ತಿಗೆ ಶುರುವಾಯಿತು.

ಮಗಳೂ ಮೊಮ್ಮಗುವೂ ಉಳಿದರು. ಆಮೇಲೆ ಮೂರು ದಿನ ಬೊಮ್ಮಯ್ಯ ಆ ಇಂಜಿನ್ ಮುಟ್ಟಲಿಲ್ಲ. ಕೊಳವೆ ತಣ್ಣಗಾಗಲೂ ಇಲ್ಲ.

ಇದನ್ನು ಕೇಳಿದವರೆಲ್ಲರ ಮನೆಯ ಬಸುರಿ ಬಾಣಂತಿಯರು ಸುಖವಾಗಿರಲಿ.