ಸ್ವಿಚ್ ತೆಗೆದರೂ ಆರದ ನಕ್ಷತ್ರ

“ಕೈ ತೆಗೀರಿ! ಅದರಾಗ ಇನ್ನೂ ಕರೆಂಟ್ ಐತಿ!”

ಗಿಡಿಯನ್‌ನ ಕೂಗಿಗೆ ಏಣಿಯ ಮೇಲಿದ್ದ ಸ್ವೀಟಿ ಬೆಚ್ಚಿಬಿದ್ದಳು.

“ಐದು ವೋಲ್ಟಿಗೆ ಯಾರ್ ಸಾಯ್ತಾರ್ರೀ?”

“ನೀವಲ್ಲ... ಬಲ್ಬ್ ಸುಡ್ತೈತಿ.”

ಬಲ್ಬಿನ ಚಿಂತೆಯಂತೆ! ಸ್ವೀಟಿಗೆ ಕಣ್ಣು ತುಂಬಿ ಬಂತು.

ಚರ್ಚಿನ ಕ್ರಿಸ್‌ಮಸ್ ನಕ್ಷತ್ರಕ್ಕೆ ಬಲ್ಬಿನ ಪಟ್ಟಿ ಜೋಡಿಸಿದವಳು ಅವಳೇ. ಯಾವ ಬಲ್ಬು ಯಾವಾಗ ಯಾವ ಬಣ್ಣ ತೋರಬೇಕೆಂದು ಹೇಳುವ ಪುಟ್ಟ ಬೋರ್ಡು ಗಿಡಿಯನ್‌ನದು. ಇಬ್ಬರೂ ಲಕಮನಹಳ್ಳಿಯ ಒಂದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಆದರೆ ಹೋದ ತಿಂಗಳು ಚರ್ಚಿನಲ್ಲಿ ನಡೆದ ಸುಗ್ಗಿ ಹಬ್ಬದಿಂದ ಇಬ್ಬರಿಗೂ ಮಾತಿಲ್ಲ.

ಆ ಹಬ್ಬದ ದಿನ, ಚರ್ಚಿನವರಿಗೆಲ್ಲ ಸಂಬಂಧ ಕೂಡಿಸುವ ದಯಾವತಿ ಆಂಟಿ ಇಬ್ಬರ ಮದುವೆಯ ಮಾತು ತೆಗೆದಿದ್ದರು. ಸ್ವೀಟಿಯ ಅಪ್ಪ ಒಪ್ಪಿದ್ದರು. ಗಿಡಿಯನ್ ಮಾತ್ರ “ಸ್ವಲ್ಪ ತಡೀರಿ” ಅಂದುಬಿಟ್ಟ. ಬೇಡ ಅನ್ನಲು ಅದಕ್ಕಿಂತ ಮರ್ಯಾದೆಯ ಮಾತು ಇನ್ನೇನಿದೆ? ಇವತ್ತು ಪ್ರಾರ್ಥನೆ ಮುಗಿದ ಮೇಲೆ ಅಪ್ಪ ಆಂಟಿಗೆ “ಈ ಸಂಬಂಧ ಬಿಡ್ರಿ” ಎಂದು ಹೇಳುವವರಿದ್ದರು.

ಅದರ ಮೇಲೆ ಈ ನಕ್ಷತ್ರದ ಕಾಟ ಬೇರೆ! ಪಟ್ಟಿಯ ಸ್ವಿಚ್ ತೆಗೆದರೂ ಮೊದಲ ಕೆಲವು ಬಲ್ಬುಗಳು ಮಂಕಾಗಿ ಕೆಂಪಗೆ ಉರಿಯುತ್ತಲೇ ಇದ್ದವು.

“ನಿಮ್ಮ ಬೋರ್ಡೇ ಕೆಟ್ಟೈತಿ!” ಅಂದಳು ಸ್ವೀಟಿ.

ಗಿಡಿಯನ್ ವಾದಿಸಲಿಲ್ಲ. “ಬೋರ್ಡಿಂದ ಬರೋ ಆ ಹಸಿರು ವೈರ್ ಒಮ್ಮೆ ಬಿಚ್ಚಿ ನೋಡ್ರಿ.”

ಬಿಚ್ಚಿದಳು. ಬಲ್ಬುಗಳು ಆರಿದವು. ಮತ್ತೆ ಸಿಕ್ಕಿಸಿದಳು. ಮತ್ತೆ ಕೆಂಪು!

ಅಯ್ಯೋ... ಥಟ್ಟನೆ ಹೊಳೆಯಿತು. ಮಾತು ಬಿಟ್ಟ ಹಟಕ್ಕೆ ಇವಳೊಂದು ಅಡಾಪ್ಟರ್ ತಂದಿದ್ದಳು, ಅವನೊಂದು ತಂದಿದ್ದ. ಪಟ್ಟಿಯ ಸ್ವಿಚ್ ತೆಗೆದರೂ ಬೋರ್ಡಿನದು ಚಾಲೂ ಇತ್ತು. ಬಣ್ಣದ ಸುದ್ದಿ ಒಯ್ಯುವ ವೈರಿನಲ್ಲೇ ಕರೆಂಟು ಕದ್ದು ಬಂದು ಬಲ್ಬು ಹೊತ್ತಿಸುತ್ತಿತ್ತು.

“ಎರಡೂ ಒಂದ ಅಡಾಪ್ಟರಿಗೆ ಹಾಕಬೇಕಿತ್ತು,” ಅಂದಳು ಸಣ್ಣಗೆ. “ನಿಮ್ಮನ್ನ ಒಂದ್ ಮಾತು ಕೇಳಲಿಲ್ಲ ನಾನು.”

“ನಾನೂ ಕೇಳಲಿಲ್ಲ.” ಗಿಡಿಯನ್ ತಲೆ ತಗ್ಗಿಸಿದ. “ಅವತ್ತ ಎಲ್ಲಾರೂ ನಿಮ್ಮ ಅಪ್ಪಾರನ್ನ ಕೇಳಿದ್ರು. ನಿಮ್ಮ ಮನಸ್ಸಿನ್ಯಾಗ ಏನೈತಿ ಅಂತ ಯಾರೂ ಕೇಳಲಿಲ್ಲ. ಅದಕ್ಕ ತಡೀರಿ ಅಂದೆ. ಮರುದಿನ ಕೇಳಾಕ ಬಂದ್ರ ಮಾರಿ ತಿರುವಿ ಹೋದ್ರಿ...”

ಇಷ್ಟು ದಿನ ತಾನು ಅತ್ತದ್ದೆಲ್ಲ ಸುಮ್ಮನೆಯೇ? ಸ್ವೀಟಿಗೆ ಸಿಟ್ಟು, ನಾಚಿಕೆ, ಖುಷಿ ಎಲ್ಲ ಒಮ್ಮೆಗೇ ಬಂದವು. ಗೇಟಿನ ಹತ್ತಿರ ಅಪ್ಪನೂ ಆಂಟಿಯೂ ಬರುತ್ತಿದ್ದರು.

“ಈಗ ಕೇಳ್ರಿ. ಲಗೂ!”

“ನಿಮಗ... ನಾ ಒಪ್ಪಿಗಿ ಏನ್ರಿ?”

“ಅವತ್ತೂ ಒಪ್ಪಿಗಿ ಇದ್ರಿ, ಈಗೂ ಅದೀರಿ.”

ಗಿಡಿಯನ್ ತನ್ನ ಅಡಾಪ್ಟರ್ ಕಿತ್ತಿಟ್ಟ. ಬೋರ್ಡಿನ ವೈರನ್ನು ಸ್ವೀಟಿ ತನ್ನದಕ್ಕೇ ಜೋಡಿಸಿದಳು. ಅವನು ಸ್ವಿಚ್ ಒತ್ತಿದ, ನಕ್ಷತ್ರ ಬೆಳಗಿತು. ತೆಗೆದ, ಪೂರ್ತಿ ಆರಿತು. ಮತ್ತೆ ಹಚ್ಚಿದ.

“ಖರೇ ಹೇಳ್ರಿ, ಆಗ ನಿಮಗ ಬಲ್ಬಿನ ಚಿಂತಿನ ಆಗಿತ್ತೇನು?” ಸ್ವೀಟಿ ಏಣಿಯ ಮೇಲಿಂದಲೇ ಕೇಳಿದಳು.

“ಇಲ್ರಿ... ಏಣಿ ಅಲುಗಾಡಾಕತ್ತಿತ್ತು. ಹೆದರಿ ಬಾಯಿಗೆ ಬಂದದ್ದು ಅಂದೆ.”

“ಹಂಗಾರ ಗಟ್ಟಿ ಹಿಡೀರಿ. ಲಗೂ ಇಳದು ಅಪ್ಪಾಗ ಹೇಳಬೇಕು.”

“ಹಿಡದೇನಿ... ಸಾವಕಾಶ ಬರ್ರಿ.”